ಅತ್ತೆಯ ನೀಲಿ ಕಾರ್ಡು, ಅಳಿಯನ ಎಡಗಾಲು

ಮನುಷ್ಯ ಕುಂಟಬೇಕಾದರೆ ಕಾಲಿಗೆ ಏನಾದರೂ ಆಗಿರಬೇಕು ಎಂಬುದು ಲೋಕದ ನಂಬಿಕೆ. ಕನ್ನಡಕದಣ್ಣನ ಕಾಲಿಗೆ ಏನೂ ಆಗಿರಲಿಲ್ಲ. ಎರಡೂ ಕಾಲುಗಳು ಗಟ್ಟಿಮುಟ್ಟಾಗಿ, ಸ್ವಲ್ಪ ಉದ್ದವಾಗಿಯೇ ಇದ್ದವು. ಆದರೂ ಅವನು ಕೆಲವು ತಿಂಗಳಿಂದ ಕುಂಟುತ್ತಿದ್ದ. ತಪ್ಪು ಕಾಲಿನದಲ್ಲ, ಪಾರ್ಕಿಂಗಿನದು.

ಪೇಟೆ ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಆ ಬೀದಿಯಲ್ಲಿ ಜನರಿಗಿಂತ ಕಾರುಗಳೇ ಹೆಚ್ಚು. ಅವನು ಜಾಗ ಹುಡುಕಿ ಹುಡುಕಿ ಸುಸ್ತಾಗಿ, ಎಲ್ಲೋ ಗೋದಾಮಿನ ಹಿಂದೆ ಕಾರು ನಿಲ್ಲಿಸಿ, ಬೆವರೊರೆಸಿಕೊಂಡು ಬರುವಷ್ಟರಲ್ಲಿ ಅವನ ಗಿರಾಕಿ ಮೂಲೆಯಂಗಡಿಯಲ್ಲಿ ಹೊಸ ಕನ್ನಡಕ ಹಾಕಿಕೊಂಡು ಇವನನ್ನೇ ಸ್ಪಷ್ಟವಾಗಿ ನೋಡುತ್ತಿರುತ್ತಿದ್ದ. ಆದರೆ ಅಂಗಡಿಯ ಎದುರಿಗೇ ಒಂದು ಜಾಗ ಸದಾ ಖಾಲಿ ಇರುತ್ತಿತ್ತು. ನೆಲಕ್ಕೆ ನೀಲಿ ಬಣ್ಣ, ಅದರ ಮೇಲೆ ಬಿಳಿಯಲ್ಲಿ ಗಾಲಿಕುರ್ಚಿಯ ಚಿತ್ರ. ಅಲ್ಲಿ ನಿಲ್ಲಿಸಬೇಕಾದರೆ ಅಂಗವಿಕಲರಿಗೆ ಕೊಡುವ ನೀಲಿ ಕಾರ್ಡು ಕಾರಿನ ಮುಂದಿನ ಗಾಜಿನ ಹಿಂದೆ ಕಾಣುವಂತೆ ಇಟ್ಟಿರಬೇಕು.

ಅಂಥ ಕಾರ್ಡು ಅವನ ಕಾರಿನಲ್ಲಿತ್ತು. ಅದು ಅವನ ಅತ್ತೆಯದು, ಅಂದರೆ ಹೆಂಡತಿಯ ತಾಯಿಯದು. ಮೂರು ವರ್ಷದ ಹಿಂದೆ ಆಕೆಯ ಸೊಂಟದ ಕೀಲಿಗೆ ಆಪರೇಷನ್ ಆದಾಗ ಕೊಟ್ಟದ್ದು. ಕಾರ್ಡಿನ ಹಿಂದೆ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: ಈ ಕಾರ್ಡು ವ್ಯಕ್ತಿಗೆ ಸೇರಿದ್ದು, ವಾಹನಕ್ಕಲ್ಲ. ವ್ಯಕ್ತಿ ಕಾರಿನಲ್ಲಿ ಇಲ್ಲದಾಗ ಬಳಸಿದರೆ ರದ್ದಾಗುತ್ತದೆ. ಕನ್ನಡಕದಣ್ಣ ಊರಿನ ಜನಕ್ಕೆಲ್ಲ ಸಣ್ಣಕ್ಷರ ಓದಲು ಸಹಾಯ ಮಾಡುವವನು. ಪಾಪ, ಈ ದಪ್ಪಕ್ಷರ ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ದಿನ ಅವಸರದಲ್ಲಿ ಅವನು ನೀಲಿ ಜಾಗದಲ್ಲಿ ಕಾರು ನುಗ್ಗಿಸಿದ. ಒಂದೇ ಒಂದು ಸಲ ಎಂದುಕೊಂಡ. ಕೆಳಗಿಳಿದು ನೋಡಿದರೆ ಪಕ್ಕದ ಔಷಧಿ ಅಂಗಡಿಯವನು ಬಾಗಿಲಲ್ಲಿ ನಿಂತು ಇವನ ಕಾಲನ್ನೇ ದಿಟ್ಟಿಸುತ್ತಿದ್ದಾನೆ! ಆಮೇಲೆ ನಡೆದದ್ದರಲ್ಲಿ ಅವನ ಪಾತ್ರ ಏನೇನೂ ಇಲ್ಲ. ಎಡಗಾಲು ತಾನಾಗಿಯೇ ಸ್ವಲ್ಪ ಎಳೆಯಿತು.

"ಅಯ್ಯೋ, ಕಾಲಿಗೆ ಏನಾಯ್ತು ಕನ್ನಡಕದಣ್ಣ?" ಎಂದ ಔಷಧಿ ಅಂಗಡಿಯವನು.

"ಏನಿಲ್ಲ ಬಿಡಿ, ಹಳೇದು," ಎಂದು ಇವನು ನಿಟ್ಟುಸಿರು ಬಿಟ್ಟ.

ಒಮ್ಮೆ ಕುಂಟಿದವನು ಮರುದಿನ ನೆಟ್ಟಗೆ ನಡೆಯುವುದು ಹೇಗೆ? ಅಲ್ಲಿಂದ ಪೇಟೆ ಬೀದಿಯಲ್ಲಿ ದಿನವೂ ಕುಂಟು. ಕಾರ್ಡಿನ ಮೇಲೆ ಅತ್ತೆಯ ಫೋಟೋ ಇದ್ದದ್ದರಿಂದ ಅದರ ಮೇಲೆ "ಕಣ್ಣು ನಿಮ್ಮದು, ಕಾಳಜಿ ನಮ್ಮದು" ಎಂಬ ತನ್ನ ಅಂಗಡಿಯ ಸ್ಟಿಕ್ಕರನ್ನೂ ಅಂಟಿಸಿದ. ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗಿದ.

ಈಗ ಅತ್ತೆಯ ವಿಷಯ. ಆಕೆ ಸಾಮಾನ್ಯ ಹೆಂಗಸಲ್ಲ. ನಿವೃತ್ತಿಯಾಗುವ ತನಕ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಟಿಕೆಟ್ ಇಲ್ಲದವರು ಆಕೆ ಬಸ್ ಹತ್ತುವುದನ್ನು ಕಂಡರೆ ಹಿಂದಿನ ಬಾಗಿಲಿನಿಂದ ಧುಮುಕುತ್ತಿದ್ದರಂತೆ. "ಓಡೋ ಬಸ್ಸಲ್ಲಿ ಕಂಬಿ ಹಿಡೀದೆ ನಿಂತವಳು ನಾನು" ಎಂಬುದು ದಿನಕ್ಕೊಮ್ಮೆಯಾದರೂ ಆಕೆಯ ಬಾಯಲ್ಲಿ ಬರುವ ಮಾತು. ಈಗ ಕೋಲಿಲ್ಲದೆ ಅಡುಗೆಮನೆಗೂ ಹೋಗಲಾರರು. ಆದರೆ ಹೊರಗಿನವರು ಬಂದರೆ ಕೋಲು ಸೋಫಾದ ಅಡಿಗೆ ಸೇರುತ್ತಿತ್ತು.

ಆಕೆಗೆ ಉಳಿದಿದ್ದ ಒಂದೇ ತಿರುಗಾಟ ಗುರುವಾರದ್ದು. ಆಕೆಯ ತಂಗಿ ಊರಾಚೆಯ ಒಂದು ಆರೈಕೆ ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದರು. ಗುರುವಾರ ಸಂಜೆ ಅಳಿಯನ ಕಾರಿನಲ್ಲಿ ಅಕ್ಕ ಹೋಗಬೇಕು, ಇಬ್ಬರೂ ಇಸ್ಪೀಟು ಆಡಬೇಕು, ಮೋಸ ಮಾಡಿದೆ ಅಂತ ಜಗಳ ಆಡಬೇಕು. ಆ ಮನೆ ಇರುವುದು ಕಡಿದಾದ ಏರಿನ ತುದಿಯಲ್ಲಿ. ಗೇಟಿನ ಪಕ್ಕ ಕಾರು ನಿಲ್ಲಲು ಇರುವುದು ಒಂದೇ ಜಾಗ, ಅದೂ ನೀಲಿ. ಉಳಿದವರೆಲ್ಲ ಕೆಳಗೆ ನಿಲ್ಲಿಸಿ ಏರಿ ಬರಬೇಕು. ಕಾರ್ಡು ಇಲ್ಲದಿದ್ದರೆ ಅಕ್ಕ ಇಲ್ಲ, ಅಷ್ಟೇ.

ಒಂದು ಭಾನುವಾರ ಔಷಧಿ ಅಂಗಡಿಯವನು ನೋವಿನ ಎಣ್ಣೆಯ ಬಾಟಲಿ ಹಿಡಿದು ಕನ್ನಡಕದಣ್ಣನ ಮನೆಗೇ ಬಂದುಬಿಟ್ಟ. ಅದೇ ಹೊತ್ತಿಗೆ ಮಹಡಿ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಪೇಪರ್ ಓದಲು ಇಳಿದು ಬಂದಿದ್ದರು. ಅತ್ತೆ ಸೋಫಾದಲ್ಲಿ ಕುಳಿತಿದ್ದರು. ಕೋಲು ಆಗಲೇ ಅಡಿಗೆ ಹೋಗಿತ್ತು.

"ಎಡಗಾಲಿಗೆ ದಿನಾ ಎರಡು ಸಲ ತಿಕ್ಕಿ," ಎಂದ ಔಷಧಿ ಅಂಗಡಿಯವನು.

"ಎಡಗಾಲಾ?" ಡ್ರಿಲ್ ಮೇಷ್ಟ್ರು ಪೇಪರ್ ಕೆಳಗಿಟ್ಟರು. "ಮೊನ್ನೆ ಪೇಟೇಲಿ ನಾನೇ ಕಣ್ಣಾರೆ ನೋಡಿದೆ. ಬಲಗಾಲು."

"ದಿನಾ ನೋಡೋನು ನಾನು ಸಾರ್. ಎಡ."

"ಮೂವತ್ತು ವರ್ಷ ಮಕ್ಕಳಿಗೆ ಎಡ ಬಲ ಹೇಳ್ಕೊಟ್ಟವನು ನಾನು. ಬಲ!"

ಇಬ್ಬರೂ ಕನ್ನಡಕದಣ್ಣನ ಕಡೆ ತಿರುಗಿದರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ಅಳಿಯನನ್ನು ನೋಡಿದರು. ಹಿಂದಿನ ಬಾಗಿಲತ್ತ ಸರಿಯುತ್ತಿರುವ ಪ್ರಯಾಣಿಕನನ್ನು ನೋಡುವ ನೋಟ ಅದು.

"ಎರಡೂ," ಎಂದ ಕನ್ನಡಕದಣ್ಣ.

"ಅಯ್ಯೋ ದೇವರೇ!" ಎಂದು ಇಬ್ಬರೂ ಒಟ್ಟಿಗೇ ಉದ್ಗರಿಸಿದರು. ಅಂದಿನಿಂದ ಅವನು ಎರಡೂ ಕಾಲಲ್ಲಿ ಕುಂಟಬೇಕಾಗಿ ಬಂತು. ಅದು ಹೇಳಿದಷ್ಟು ಸುಲಭವಲ್ಲ. ನೋಡಿದವರಿಗೆ ಅವನು ದೋಣಿಯಲ್ಲಿ ನಿಂತು ಬರುತ್ತಿರುವಂತೆ ಕಾಣುತ್ತಿತ್ತು.

ಹೆಂಡತಿ ಆ ರಾತ್ರಿ "ಇದೇನ್ರೀ ನಿಮ್ಮ ವೇಷ?" ಎಂದು ಕೇಳಿ, ನಿಜ ತಿಳಿದು, ಅವನೊಡನೆ ಮಾತು ಬಿಟ್ಟಳು. ಅತ್ತೆ ಏನೂ ಕೇಳಲಿಲ್ಲ. ಅವನಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಹೀಗಿರುವಾಗ ಒಂದು ಬುಧವಾರ ಸಂಜೆ ಅತ್ತೆ ಕೇಳಿದರು, "ಅಳಿಯಂದ್ರೇ, ನನ್ನ ಕಾರ್ಡಿನ ಅವಧಿ ಯಾವಾಗ ಮುಗಿಯುತ್ತೆ?"

"ಇನ್ನೂ ಬೇಕಾದಷ್ಟು ದಿನ ಇದೆ ಅತ್ತೆ."

"ನೋಡ್ಕೊಂಡು ಬನ್ನಿ."

ಅವನು ಕಾರಿಗೆ ಹೋಗಿ ಕಾರ್ಡು ಕೈಗೆ ತೆಗೆದುಕೊಂಡ. ತಾರೀಖು ಎಲ್ಲಿ? ಫೋಟೋದ ಕೆಳಗೆ. ಫೋಟೋ ಎಲ್ಲಿ? ಸ್ಟಿಕ್ಕರಿನ ಕೆಳಗೆ. ಉಗುರು ಹಾಕಿ ಎಳೆದ. ಪರ್ರ್ ಎಂದು ಸ್ಟಿಕ್ಕರಿನ ಜೊತೆ ಅತ್ತೆಯ ಮುಖವೂ ಕಿತ್ತು ಬಂತು. ಉಳಿದದ್ದು ಒಂದು ಕಿವಿ, ಅದರ ಕೆಳಗೆ ತಾರೀಖು. ನಾಳೆಯೇ ಕೊನೆಯ ದಿನ!

ನಿಯಮ ಸ್ಪಷ್ಟವಾಗಿತ್ತು. ಅವಧಿ ಮುಗಿಯುವ ಮೊದಲು ಬಂದರೆ ವೈದ್ಯರ ಪತ್ರ ಬೇಡ, ಕಾರ್ಡಿನವರು ಖುದ್ದಾಗಿ ಬಂದು, ಅವರ ಕಷ್ಟ ಅಧಿಕಾರಿಯ ಕಣ್ಣಿಗೆ ಕಂಡರೆ ಸಾಕು, ಅಲ್ಲೇ ನವೀಕರಣ. ಒಂದು ದಿನ ತಡವಾದರೂ ಮೊದಲಿನಿಂದ ಶುರು: ಹೊಸ ಅರ್ಜಿ, ಎಕ್ಸ್‌ರೇ, ತಜ್ಞರ ಮಂಡಳಿ, ತಿಂಗಳುಗಟ್ಟಲೆ ಕಾಯುವುದು.

ಒಳಗೆ ಬಂದು ತಡವರಿಸುತ್ತಾ ಹೇಳಿದ. ಅತ್ತೆ ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಇಸ್ಪೀಟು ಎಲೆಗಳನ್ನು ಸುಮ್ಮನೆ ಜೋಡಿಸುತ್ತಾ, "ನನ್ನ ತಂಗಿಗೆ ತಿಂಗಳುಗಟ್ಟಲೆ ಅನ್ನೋ ಲೆಕ್ಕ ಎಲ್ಲಿದೆ ಅಳಿಯಂದ್ರೇ?" ಎಂದರು. ಕನ್ನಡಕದಣ್ಣನಿಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ತಾನು ಮಾಡಿದ್ದು ಎಂಥ ಕೆಲಸ ಎಂಬುದು ಅವನಿಗೆ ಮೊದಲ ಬಾರಿ ಹೊಳೆದದ್ದು ಆಗ.

ಮರುದಿನ ಮಧ್ಯಾಹ್ನ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು ಸಿದ್ಧವಾದರು. ಕಚೇರಿಯಿಂದ ನೇರ ತಂಗಿಯ ಬಳಿಗೆ ಎಂದು ಇಸ್ಪೀಟು ಎಲೆಗಳನ್ನೂ ಕೈಚೀಲಕ್ಕೆ ಹಾಕಿಕೊಂಡರು. ಕಾರು ಹೊರಡುವಷ್ಟರಲ್ಲಿ ಡ್ರಿಲ್ ಮೇಷ್ಟ್ರು ಓಡಿ ಬಂದು ಹಿಂದಿನ ಸೀಟಿಗೆ ಹತ್ತಿದರು. ಅವರ ಹಿಂದೆಯೇ ಔಷಧಿ ಅಂಗಡಿಯವನು.

"ನಿಮ್ಮ ಕಾರ್ಡು ನವೀಕರಣ ಅಂತ ಮೇಷ್ಟ್ರು ಹೇಳಿದ್ರು. ಇಂಥ ಹೊತ್ತಲ್ಲಿ ನಾವು ಬರದೆ ಇರ್ತೀವಾ? ಸಾಕ್ಷಿ ಹೇಳ್ತೀವಿ," ಎಂದ ಔಷಧಿ ಅಂಗಡಿಯವನು.

ನನ್ನದಲ್ಲ ಎಂದರೆ ಕಥೆ ಮುಗಿಯಿತು. ನನ್ನದು ಎಂದರೂ ಮುಗಿಯಿತು. "ನಿಮಗ್ಯಾಕೆ ತೊಂದ್ರೆ, ಇಳೀರಿ," ಎಂದು ಕನ್ನಡಕದಣ್ಣ ಹಲ್ಲು ಕಿರಿದ. ಯಾರೂ ಇಳಿಯಲಿಲ್ಲ. ಪರೋಪಕಾರಕ್ಕೆ ಹೊರಟವರನ್ನು ಕಾರಿನಿಂದ ಇಳಿಸುವುದು ಕಷ್ಟದ ಕೆಲಸ.

ಕಚೇರಿಯ ಮುಂದೆ ಕಾರು ನಿಂತಿತು. ಹಿಂದಿನವರಿಬ್ಬರೂ ಮುಂದೆ ಹೋದ ಮೇಲೆ ಕನ್ನಡಕದಣ್ಣ ದನಿ ತಗ್ಗಿಸಿ ಅಂಗಲಾಚಿದ. "ಅತ್ತೆ, ಇದೊಂದು ದಿನ ಕೋಲು ಹಿಡ್ಕೊಳ್ಳಿ. ನೀವು ನಡೆಯೋದು ಹೇಗಿದೆಯೋ ಹಾಗೇ ಮೇಡಮ್ಮಿಗೆ ಕಾಣ್ಲಿ."

"ನಾವು ಭಿಕ್ಷೆ ಕೇಳೋಕೆ ಹೋಗ್ತಿದ್ದೀವಾ, ಹಕ್ಕು ಕೇಳೋಕೆ ಹೋಗ್ತಿದ್ದೀವಾ?"

"ಹಕ್ಕೇ ಅತ್ತೆ, ಆದ್ರೆ..."

"ಹಕ್ಕು ಕೇಳೋರು ನೆಟ್ಟಗೆ ನಿಂತು ಕೇಳಬೇಕು," ಎಂದು ಕೋಲನ್ನು ಸೀಟಿನ ಮೇಲೇ ಬಿಟ್ಟು ಇಳಿದರು.

ಕಚೇರಿ ಅಂದರೆ ಒಂದು ಉದ್ದನೆಯ ಹಾಲ್. ಗೋಡೆಯ ಪಕ್ಕ ಕಬ್ಬಿಣದ ಬೆಂಚುಗಳು, ಕೊನೆಯಲ್ಲಿ ಕೌಂಟರು, ನಡುವೆ ನುಣುಪಾದ ಖಾಲಿ ನೆಲ. ಅತ್ತೆ ಬಾಗಿಲ ಚೌಕಟ್ಟು, ಬೆಂಚಿನ ಬೆನ್ನು, ಯಾರದೋ ಭುಜ, ಹೀಗೆ ಸಿಕ್ಕಿದ್ದನ್ನೆಲ್ಲ ಗುಟ್ಟಾಗಿ ಮುಟ್ಟುತ್ತಾ, ನೋಡಿದವರಿಗೆ ಸಲೀಸಾಗಿ ಕಾಣುವಂತೆ ಕೌಂಟರು ತಲುಪಿದರು. ಹಿಂದೆ ಕನ್ನಡಕದಣ್ಣ. ಸಾಕ್ಷಿಗಳಿಬ್ಬರೂ ನೋಡುತ್ತಿದ್ದಾರಲ್ಲ, ದೋಣಿಯ ನಡಿಗೆಯಲ್ಲೇ ಬಂದ.

ಕೌಂಟರಿನ ಮೇಡಂ ತಲೆ ಎತ್ತಿದರು. ಅವರ ಮೂಗಿನ ಮೇಲಿದ್ದ ಕನ್ನಡಕ ಕಂಡು ಇವನ ಜೀವ ಬಾಯಿಗೆ ಬಂತು. ಅದು ಇವನೇ ಹೋದ ತಿಂಗಳು ಮಾಡಿಕೊಟ್ಟದ್ದು.

"ಓ, ನೀವಾ! ನಿಮ್ಮ ಕನ್ನಡಕ ಬಹಳ ಚೆನ್ನಾಗಿದೆ ರೀ. ಮೂಲೆಯಲ್ಲಿ ಇರೋ ಇರುವೆ ಕೂಡ ಕಾಣ್ಸುತ್ತೆ."

ಗಿರಾಕಿಯ ತೃಪ್ತಿ ಕಂಡು ಅವನಿಗೆ ದುಃಖವಾದದ್ದು ಅದೇ ಮೊದಲು.

ಮೇಡಂ ಕಾರ್ಡು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ಇದೇನ್ರೀ, ಬರೀ ಕಿವಿ ಇದೆ! ಯಾರ ಕಾರ್ಡಿದು?"

"ನಂದು," ಎಂದರು ಅತ್ತೆ.

ಮೇಡಂ ಆಕೆಯನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಸುಮ್ನಿರಿ ಅಮ್ಮ. ನೀವು ನನಗಿಂತ ನೆಟ್ಟಗೆ ನಿಂತಿದ್ದೀರ."

"ಮತ್ತೆ? ಓಡೋ ಬಸ್ಸಲ್ಲಿ ಕಂಬಿ ಹಿಡೀದೆ ನಿಂತವಳು ನಾನು." ಅತ್ತೆಯ ಮುಖ ಅರಳಿತು. ಕೌಂಟರಿನ ಅಂಚನ್ನು ಹಿಡಿದಿದ್ದ ಬೆರಳುಗಳು ಮಾತ್ರ ಬೆಳ್ಳಗಾಗಿದ್ದವು.

ಔಷಧಿ ಅಂಗಡಿಯವನು ಮುಂದೆ ನುಗ್ಗಿದ. "ಮೇಡಂ, ದೊಡ್ಡವರು ಅಳಿಯನ ಮಾನ ಕಾಯೋಕೆ ಹಾಗೆ ಹೇಳ್ತಿದ್ದಾರೆ. ಕಷ್ಟ ಇರೋದು ಇವರಿಗೆ. ದಿನಾ ನೀಲಿ ಜಾಗದಲ್ಲಿ ಕಾರು ನಿಲ್ಸಿ, ಕಾಲು ಎಳ್ಕೊಂಡು ಒಬ್ಬರೇ ಬರೋದು ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ."

"ಒಬ್ಬರೇ?" ಎಂದರು ಮೇಡಂ.

"ಒಬ್ಬರೇ!" ಎಂದು ಡ್ರಿಲ್ ಮೇಷ್ಟ್ರು ಒತ್ತಿ ಹೇಳಿದರು. "ಎರಡೂ ಕಾಲು ಹೋಗಿದೆ ಮೇಡಂ. ಬಲಗಾಲು ಮೊದಲು ಹೋಗಿದ್ದು."

"ಎಡಗಾಲು ಮೊದಲು!"

"ಸುಮ್ನಿರ್ರೀ!" ಎಂದು ಕನ್ನಡಕದಣ್ಣ ಹಲ್ಲು ಕಚ್ಚಿದ. ಅದು ಅವರಿಗೆ ನೋವಿನ ಮುಲುಕಿನಂತೆ ಕೇಳಿ ಇನ್ನಷ್ಟು ಮರುಕವಾಯಿತು.

ಅಷ್ಟು ಹೊತ್ತು ತೂಕಡಿಸುತ್ತಿದ್ದ ಕಂಪ್ಯೂಟರು ಆಗಲೇ ಎಚ್ಚರವಾಗಬೇಕೆ? ಮೇಡಂ ಪರದೆ ನೋಡಿದರು. ನಗು ಮಾಯವಾಯಿತು.

"ಕಾರ್ಡು ಅಮ್ಮನ ಹೆಸರಲ್ಲೇ ಇದೆ. ಸರಿ, ಕೇಳಿ. ಇವರಿಗೆ ಆಗ ಕಷ್ಟ ಇತ್ತು, ಈಗ ಗುಣ ಆಗಿದೆ. ಗುಣ ಆದವರಿಗೆ ನಾನು ನವೀಕರಣ ಮಾಡೋ ಹಾಗಿಲ್ಲ. ನಿಮಗೆ ಕಾರ್ಡು ಬೇಕಾದ್ರೆ ಹೊಸ ಅರ್ಜಿ ಹಾಕಿ, ಎಕ್ಸ್‌ರೇ ತೆಗೆಸಿ, ಮಂಡಳಿ ಮುಂದೆ ಹೋಗಿ. ಕಾಲು ಸರಿ ಇದ್ದೂ ಅವರ ಕಾರ್ಡನ್ನ ನೀವು ಬಳಸ್ತಿದ್ರೆ ಅದು ಬೇರೆ ವಿಷಯ. ಆಗ ಈಗಲೇ ರದ್ದು."

ಮೇಜಿನ ಮೇಲೆ ಒಂದು ಮೊಹರು ಇತ್ತು. ಮೇಡಂ ಅದನ್ನು ಎತ್ತಿಕೊಂಡು ಶಾಯಿಯ ಡಬ್ಬಿಯ ಮುಚ್ಚಳ ತೆಗೆದರು. ಗೋಡೆಯ ಗಡಿಯಾರದಲ್ಲಿ ಕಚೇರಿ ಮುಚ್ಚುವ ಹೊತ್ತು ಸಮೀಪಿಸಿತ್ತು. ಕನ್ನಡಕದಣ್ಣ ಅಡಕತ್ತರಿಯಲ್ಲಿ ಸಿಕ್ಕಿಬಿದ್ದ. ಅತ್ತೆ ಗಟ್ಟಿಮುಟ್ಟು ಎಂದರೆ ಕಾರ್ಡು ಹೋಗುತ್ತದೆ. ನಾನು ಗಟ್ಟಿಮುಟ್ಟು ಎಂದರೂ ಕಾರ್ಡು ಹೋಗುತ್ತದೆ. ಕೊನೆಗೆ ಧೈರ್ಯ ಮಾಡಿದ.

"ಮೇಡಂ, ಅತ್ತೆಗೆ ಗುಣ ಆಗಿಲ್ಲ. ಅವರಿಗೆ ನಡೆಯೋಕೆ ಆಗಲ್ಲ."

"ಯಾರಿಗೆ ಆಗಲ್ಲ?" ಅತ್ತೆ ಗಿರಕ್ಕನೆ ತಿರುಗಿದರು. "ನಾಲ್ಕು ಜನರ ಮುಂದೆ ಇದೇನು ಮಾತು ಅಳಿಯಂದ್ರೇ? ನೋಡಿ ಮೇಡಂ, ನೀವೇ ನೋಡಿ!"

ಎಂದವರೇ ಕೌಂಟರು ಬಿಟ್ಟರು.

"ಅತ್ತೆ, ಬೇಡ!" ಎಂದ ಕನ್ನಡಕದಣ್ಣ. ಕೇಳುವವರು ಯಾರು? ಆಕೆ ಖಾಲಿ ನೆಲದ ಮೇಲೆ, ಏನನ್ನೂ ಮುಟ್ಟದೆ, ತಲೆ ಎತ್ತಿ ಎದುರಿನ ಕಿಟಕಿಯವರೆಗೆ ನಡೆದೇ ಹೋದರು. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಡ್ರಿಲ್ ಮೇಷ್ಟ್ರಂತೂ "ಭೇಷ್!" ಎಂದುಬಿಟ್ಟರು. ಮೇಡಂ ಮೊಹರನ್ನು ಶಾಯಿಗೆ ಒತ್ತಿದರು.

ಅತ್ತೆ ಕಿಟಕಿ ಮುಟ್ಟಿ ಹಿಂದಕ್ಕೆ ತಿರುಗಿದರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಹಾಲಿನ ನಟ್ಟನಡುವೆ ಬಂದು ನಿಂತರು. ನಿಂತೇ ಇದ್ದರು.

ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಸೀರೆಯ ನೆರಿಗೆ ಸಣ್ಣಗೆ ನಡುಗುವುದು ಕಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹತ್ತಿರದಲ್ಲಿ ಗೋಡೆಯಿಲ್ಲ, ಬೆಂಚಿಲ್ಲ, ಯಾರ ಭುಜವೂ ಇಲ್ಲ. ಆಕೆಯ ಬಲಗೈ ಮೆಲ್ಲಗೆ ಮೇಲೇರಿ, ಬಸ್ಸಿನಲ್ಲಿ ಕಂಬಿ ಇರುವ ಎತ್ತರದಲ್ಲಿ ಗಾಳಿಯನ್ನು ತಡಕಾಡಿತು.

"ಬಾರೋ," ಎಂದರು ಅತ್ತೆ. ಮದುವೆಯಾದಾಗಿನಿಂದ ಆಕೆ ಅಳಿಯನನ್ನು ಏಕವಚನದಲ್ಲಿ ಕರೆದವರಲ್ಲ. "ಬೇಗ ಬಾರೋ. ಹಿಡ್ಕೋ."

ಕನ್ನಡಕದಣ್ಣ ಓಡಿದ. ಎಡವಿಲ್ಲ, ಬಲವಿಲ್ಲ, ಕುಂಟಿಲ್ಲ, ದೋಣಿಯಿಲ್ಲ. ಸಾಕ್ಷಿಗಳ ನಡುವೆ ನುಗ್ಗಿ, ಅಡ್ಡ ಬಂದ ಕಬ್ಬಿಣದ ಬೆಂಚಿಗೆ ಬಲಮಂಡಿ ಠಣ್ಣೆಂದು ಬಡಿದರೂ ನಿಲ್ಲದೆ, ಹಾರಿ ಹೋಗಿ ಅತ್ತೆ ಕುಸಿಯುವ ಮೊದಲು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಕೆ ಅವನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಉಗುರು ಇಳಿಯಿತು.

ಔಷಧಿ ಅಂಗಡಿಯವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

"ನಿಮ್ಮ ಎಣ್ಣೆ ಭಾರೀ ಕೆಲಸ ಮಾಡಿದೆ ರೀ," ಎಂದರು ಡ್ರಿಲ್ ಮೇಷ್ಟ್ರು.

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೌಂಟರಿನಿಂದ ಹೊರಗೆ ಬಂದರು. ಅತ್ತೆಗೆ ತಾವೇ ಕುರ್ಚಿ ಎಳೆದು ಹಾಕಿದರು.

"ಅಮ್ಮ, ನಡೆಯೋಕೆ ಆಗುತ್ತಾ?" ಎಂದು ಮೆಲ್ಲಗೆ ಕೇಳಿದರು.

ಅತ್ತೆ ನೆಲ ನೋಡಿದರು. "ಆಗಲ್ಲ," ಎಂದರು.

ಮೇಡಂ ಕನ್ನಡಕದಣ್ಣನ ಕಡೆ ತಿರುಗಿದರು. "ನೀವು ಮಾಡ್ಕೊಟ್ಟ ಕನ್ನಡಕದಲ್ಲೇ ನೋಡ್ದೆ. ಚೆನ್ನಾಗಿ ಓಡ್ತೀರ."

ಅವನು ತಲೆ ತಗ್ಗಿಸಿದ. "ತಪ್ಪು ನಂದು ಮೇಡಂ. ಏನು ಬೇಕಾದ್ರೂ ಮಾಡಿ. ಕಾರ್ಡು ಮಾತ್ರ ರದ್ದು ಮಾಡಬೇಡಿ. ಇವತ್ತು ಗುರುವಾರ."

ಗುರುವಾರಕ್ಕೂ ಇದಕ್ಕೂ ಏನು ಸಂಬಂಧವೆಂದು ಮೇಡಮ್ಮಿಗೆ ಹೇಗೆ ಗೊತ್ತಾಗಬೇಕು? "ಅಮ್ಮ, ಇವರು ನಿಮ್ಮ ಕಾರ್ಡು ಬಳಸೋಕೆ ನೀವು ಒಪ್ಪಿಗೆ ಕೊಟ್ಟಿದ್ರಾ? ಕೊಟ್ಟಿದ್ರೆ ರದ್ದು ಮಾಡಲೇಬೇಕು. ಕೊಡದೇ ಇದ್ರೆ ದಂಡ ಇವರಿಗೆ, ಕಾರ್ಡು ನಿಮಗೆ."

ಅತ್ತೆ ನೆಟ್ಟಗೆ ಕುಳಿತರು. ಹಳೆಯ ದನಿ ಮರಳಿ ಬಂತು. "ಕೊಟ್ಟಿಲ್ಲ. ಅಳಿಯ ಅಂತ ದಾಕ್ಷಿಣ್ಯ ಬೇಡ. ದಂಡ ಹಾಕಿ."

"ಎಷ್ಟು ಹಾಕ್ಲಿ?"

"ಪೂರ್ತಿ!"

ಆ ಮೊಹರು ಕೊನೆಗೆ ಬಿದ್ದದ್ದು ನವೀಕರಣದ ಮೇಲೆ. ಕನ್ನಡಕದಣ್ಣ ದಂಡ ಕಟ್ಟಿ, ಅತ್ತೆಯನ್ನು ಹಿಡಿದುಕೊಂಡು ಹೊರಟ. ಬಲಮಂಡಿ ಊದಿಕೊಂಡು, ಹೆಜ್ಜೆ ಇಟ್ಟಲ್ಲೆಲ್ಲ ಜೀವ ಹೋಗುತ್ತಿತ್ತು. ಅವನು ಕುಂಟಿದ.

"ಸಾಕು ಮಾಡ್ರೀ!" ಎಂದು ಔಷಧಿ ಅಂಗಡಿಯವನು ರೇಗಿದ. "ಇನ್ನೂ ನಾಟಕನಾ?"

"ಇಲ್ಲ ಮಾರಾಯ್ರೇ, ಇದು ನಿಜವಾದ ನೋವು. ಬಲಗಾಲು!"

"ನಾನು ಮೊದಲೇ ಹೇಳಿರಲಿಲ್ವಾ ಬಲ ಅಂತ?" ಎಂದರು ಡ್ರಿಲ್ ಮೇಷ್ಟ್ರು. ಇಬ್ಬರೂ ಸಿಟ್ಟಿನಿಂದ ಬಸ್ ಹಿಡಿಯಲು ಹೋದರು.

ಆರೈಕೆ ಮನೆಯ ಏರು ಶುರುವಾದಾಗ ಕನ್ನಡಕದಣ್ಣ ಕೇಳಿದ. "ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು?"

"'ಎರಡೂ' ಅಂದ್ರಲ್ಲ, ಆವಾಗ. ಟಿಕೆಟ್ ಇಲ್ಲದವನ ಮುಖ ನನಗೆ ಗೊತ್ತಾಗಲ್ವಾ? ತಾನಾಗೇ ಇಳೀತಾನೇನೋ ಅಂತ ಕಾದೆ." ರಸ್ತೆ ನೋಡುತ್ತಲೇ, "ನಾಳೆಯಿಂದ ಅಂಗಡಿಗೆ ಬಸ್ಸಲ್ಲಿ ಹೋಗಿ. ಟಿಕೆಟ್ ತಗೊಂಡು," ಎಂದರು. ಹೊಸ ಕಾರ್ಡು ಗಾಜಿನ ಹಿಂದೆ ಇರಲಿಲ್ಲ, ಆಕೆಯ ಕೈಯಲ್ಲೇ ಇತ್ತು. ಗೇಟಿನ ಪಕ್ಕದ ನೀಲಿ ಜಾಗದಲ್ಲಿ ಕಾರು ನಿಂತ ಮೇಲೆ ತಾವೇ ಅದನ್ನು ಗಾಜಿನ ಹಿಂದೆ ನೆಟ್ಟಗೆ ಇಟ್ಟರು.

ಪ್ರತಿ ವಾರ ಇಲ್ಲಿ ಕೋಲನ್ನು ಕಾರಿನಲ್ಲೇ ಬಿಟ್ಟು, ಗೋಡೆ ಹಿಡಿದು ಒಳಗೆ ಹೋಗುವುದು ಆಕೆಯ ರೂಢಿ. ತಂಗಿಗೆ ತಿಳಿಯಬಾರದು ಎಂದು. ಈ ಸಲ ಕೋಲು ಕೇಳಿದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಅಳಿಯನ ತೋಳು. ಅಳಿಯನದು ಊದಿದ ಮಂಡಿ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆಂದು ಹೇಳುವುದು ಕಷ್ಟವಿತ್ತು.

ತಂಗಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿ ಕಾಯುತ್ತಿದ್ದರು. ಬಾಗಿಲಲ್ಲಿ ಕೋಲು ಕಂಡಿತು. ಅಕ್ಕ ಬಂದು ಕುಳಿತ ಮೇಲೆ, "ಅಂತೂ ಕೋಲು ಒಳಗೆ ತಂದೆಯಲ್ಲ ಅಕ್ಕ," ಎಂದರು. "ಪ್ರತಿ ಗುರುವಾರ ಈ ಕಿಟಕಿಯಿಂದ ನೋಡ್ತಿದ್ದೆ, ಗೋಡೆ ಹಿಡ್ಕೊಂಡು ಬರೋದನ್ನ. ಎಲ್ಲಿ ಬಿದ್ದುಬಿಡ್ತೀಯೋ ಅಂತ ನೀನು ಒಳಗೆ ಬರೋವರೆಗೂ ನನಗೆ ಉಸಿರಿರ್ತಿರಲಿಲ್ಲ."

ಅತ್ತೆಯ ಕಣ್ಣು ತುಂಬಿತು. ಕೈಚೀಲದಿಂದ ಇಸ್ಪೀಟು ಎಲೆ ತೆಗೆದು ಕಲೆಸತೊಡಗಿದರು.

ಬಾಗಿಲ ಬಳಿ ಮಂಡಿ ನೀವಿಕೊಳ್ಳುತ್ತಿದ್ದ ಕನ್ನಡಕದಣ್ಣನ ಮೇಲೆ ತಂಗಿಯ ಕಣ್ಣು ಬಿತ್ತು. "ಅಯ್ಯೋ, ಅಳಿಯಂದ್ರು ಯಾಕೆ ಕುಂಟ್ತಿದ್ದಾರೆ?"

"ಟಿಕೆಟ್ ಇಲ್ಲದೆ ಹತ್ತಿದ್ದ," ಎಂದರು ಅತ್ತೆ ಎಲೆ ಹಂಚುತ್ತಾ. "ಇವತ್ತು ಇಳಿಸಿದೆ."